ಲುಬ್ಧಕದ ಜೊತೆಗಾರ ಮತ್ತು 21 ಎಂಬ ಅಂಕಿ

ರಾತ್ರಿಯ ಆಕಾಶದಲ್ಲಿ ನಮಗೆ ಅತ್ಯಂತ ಪ್ರಕಾಶಮಾನವಾಗಿ ಕಾಣುವ ನಕ್ಷತ್ರ ಲುಬ್ಧಕ. ಅದಕ್ಕೊಂದು ಮಂಕಾದ ಜೊತೆಗಾರ ನಕ್ಷತ್ರವಿದೆ. ಖಗೋಳ ವಿಜ್ಞಾನಿಗಳು ಅದನ್ನು ಲುಬ್ಧಕ-ಬಿ ಎಂದು ಕರೆಯುತ್ತಾರೆ. 1925ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ವಾಲ್ಟರ್ ಆಡಮ್ಸ್, ಈ ಜೊತೆಗಾರನ ಬೆಳಕು ಗುರುತ್ವದ ಕಾರಣಕ್ಕೆ ಕೆಂಪಿನ ಕಡೆಗೆ ಸರಿದಿದೆ, ಸರಿದ ಪ್ರಮಾಣ ಸೆಕೆಂಡಿಗೆ 21 ಕಿಲೋಮೀಟರ್ ಎಂದು ಪ್ರಕಟಿಸಿದರು. ಸಾಪೇಕ್ಷತಾ ಸಿದ್ಧಾಂತಕ್ಕೆ ಸಿಕ್ಕ ದೊಡ್ಡ ಪುರಾವೆ ಎಂದು ಆ ಅಂಕಿ ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಡೆಯಿತು. 2005ರಲ್ಲಿ ಹಬಲ್ ದೂರದರ್ಶಕದ ಅವಲೋಕನಗಳಿಂದ ಬಂದ ಅಂಕಿ 80.4. ಅದೇ ನಕ್ಷತ್ರ, ಅದೇ ಪರಿಣಾಮ, ಉತ್ತರ ಮಾತ್ರ ಹೆಚ್ಚುಕಡಿಮೆ ನಾಲ್ಕು ಪಟ್ಟು. ನಕ್ಷತ್ರವೇ ಎಂಬತ್ತು ವರ್ಷದಲ್ಲಿ ಹೀಗೆ ಬದಲಾಗುವುದಿಲ್ಲ. ಹಾಗಾದರೆ ಆಡಮ್ಸ್ ಅಳೆದದ್ದು ಏನನ್ನು?

ಅಂಕಿಯ ಮೂಲಕ್ಕೆ ಹೋಗುವ ಮೊದಲೇ ಅದರ ಮಾನದ ಮುಂದೆ ನಿಲ್ಲಬೇಕಾಯಿತು. ಗುರುತ್ವದ ಪಲ್ಲಟದಲ್ಲಿ ಏನೂ ಓಡುತ್ತಿಲ್ಲ. ಆದರೂ ಲೆಕ್ಕ ಬರೆಯುವುದು ವೇಗದ ಮಾನದಲ್ಲಿ. ಅದಕ್ಕೆ ಕಾರಣವಿದೆ. ಖಗೋಳ ವಿಜ್ಞಾನಿಯ ಕೈಯಲ್ಲಿರುವುದು ನಕ್ಷತ್ರದ ರೋಹಿತದ ಒಂದು ಛಾಯಾಚಿತ್ರ. ಅದರಲ್ಲಿ ಜಲಜನಕದ ಕಪ್ಪು ಗೆರೆ ಇರಬೇಕಾದ ಜಾಗದಿಂದ ತುಸು ಪಕ್ಕಕ್ಕೆ ಸರಿದಿದೆ. ಎಷ್ಟು ಸರಿದಿದೆ ಎನ್ನುವುದಷ್ಟೇ ಅವರಿಗೆ ಗೊತ್ತು. ಯಾಕೆ ಸರಿದಿದೆ ಎಂಬುದನ್ನು ಗೆರೆ ಹೇಳುವುದಿಲ್ಲ. ನಕ್ಷತ್ರ ನಮ್ಮಿಂದ ದೂರ ಹೋಗುತ್ತಿದ್ದರೂ ಸರಿಯುತ್ತದೆ, ನಕ್ಷತ್ರದ ಗುರುತ್ವ ಬಲವಾಗಿದ್ದರೂ ಸರಿಯುತ್ತದೆ. ಮೊದಲನೆಯದು ಡಾಪ್ಲರ್ ಪಲ್ಲಟ, ಎರಡನೆಯದು ಗುರುತ್ವ ಪಲ್ಲಟ. ಇವೆರಡನ್ನು ಬೇರ್ಪಡಿಸುವ ಕೆಲಸ ಎಲ್ಲೋ ಎಡವಿದೆ ಎಂಬ ಗುಮಾನಿಯಿಂದ ನನ್ನ ಹುಡುಕಾಟ ಶುರುವಾಯಿತು.

ಎರಡೂ ಕಲ್ಪನೆಗಳ ಹಿಂದಿನ ಕಾಗದಗಳನ್ನು ತೆರೆದರೆ ಒಂದೇ ಊರಿನ ಹೆಸರು ಸಿಗುತ್ತದೆ: ಪ್ರಾಗ್. 1842ರ ಮೇ 25ರಂದು ಅಲ್ಲಿನ ರಾಯಲ್ ಬೊಹೀಮಿಯನ್ ವಿಜ್ಞಾನ ಸಂಘದಲ್ಲಿ ಕ್ರಿಸ್ಟಿಯನ್ ಡಾಪ್ಲರ್ ಜೋಡಿ ನಕ್ಷತ್ರಗಳ ಬಣ್ಣದ ಬಗ್ಗೆ ಪ್ರಬಂಧ ಓದಿದರು. ಅಲೆ ಹೊರಡಿಸುವ ವಸ್ತು ಒಂದು ಶಿಖರಕ್ಕೂ ಮುಂದಿನ ಶಿಖರಕ್ಕೂ ನಡುವೆ ಹಿಂದೆ ಸರಿದರೆ, ನಮಗೆ ತಲುಪುವ ಶಿಖರಗಳ ಅಂತರ ಹಿಗ್ಗುತ್ತದೆ. ಹತ್ತಿರ ಬಂದರೆ ಕುಗ್ಗುತ್ತದೆ. ವಾದ ಇಷ್ಟು ಸರಳ. 1845ರ ಜೂನ್‌ನಲ್ಲಿ ಹಾಲೆಂಡಿನ ಬೈಸ್ ಬಾಲ್ಲಟ್ ಉಟ್ರೆಕ್ಟ್ ಬಳಿ ರೈಲಿನಲ್ಲಿ ಕಹಳೆ ಊದುವವರನ್ನು ಓಡಿಸಿ, ಹಳಿಯ ಪಕ್ಕದಲ್ಲಿ ಕಿವಿ ಪಳಗಿದ ಸಂಗೀತಗಾರರನ್ನು ನಿಲ್ಲಿಸಿ, ಶ್ರುತಿ ಏರಿ ಇಳಿಯುವುದನ್ನು ಖಚಿತಪಡಿಸಿಕೊಂಡರು. ಅದೇ ಲೇಖನದಲ್ಲಿ ಅವರು ಡಾಪ್ಲರ್ ಅವರ ಮೂಲ ಹೇಳಿಕೆಯನ್ನು ತಳ್ಳಿಹಾಕಿದ್ದೂ ಉಂಟು. ನಕ್ಷತ್ರದ ಬಣ್ಣ ಹೀಗೆ ಬದಲಾಗದು; ಕೆಂಪು ಕಣ್ಣಿನ ಎಲ್ಲೆಯಾಚೆ ಸರಿದರೆ ಇನ್ನೊಂದು ತುದಿಯಿಂದ ಕಾಣದ ಬೆಳಕು ಒಳಗೆ ಬಂದು ಆ ಜಾಗ ತುಂಬುತ್ತದೆ ಎಂಬುದು ಅವರ ಆಕ್ಷೇಪ. ಅದು ಸರಿಯಾದ ಆಕ್ಷೇಪವೇ. ತತ್ತ್ವ ನಿಂತಿತು, ಅದನ್ನು ಹುಟ್ಟಿಸಿದ ಉದಾಹರಣೆ ಬಿತ್ತು. ಬಣ್ಣ ಬಿಟ್ಟು ರೋಹಿತದ ಗೆರೆಗಳನ್ನು ನೋಡಬೇಕು ಎಂದು 1848ರಲ್ಲಿ ಹೇಳಿದವರು ಫ್ರಾನ್ಸಿನ ಫಿಜೋ.

ಅರವತ್ತೊಂಬತ್ತು ವರ್ಷಗಳ ನಂತರ, 1911ರ ಜೂನ್‌ನಲ್ಲಿ, ಅದೇ ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಲ್ಲಿದ್ದ ಐನ್‌ಸ್ಟೈನ್ ಗುರುತ್ವ ಮತ್ತು ಬೆಳಕಿನ ಕುರಿತ ಪ್ರಬಂಧವೊಂದಕ್ಕೆ ಸಹಿ ಹಾಕಿದರು. ಅದರ ಗಣಿತವನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗುರುತ್ವ ಪಲ್ಲಟದ ಸೂತ್ರವನ್ನು ಅವರು ಪಡೆದದ್ದೇ ಡಾಪ್ಲರ್ ತತ್ತ್ವದ ಮೂಲಕ. ಗುರುತ್ವವಿರುವ ಕೋಣೆಯೂ ಏರುವೇಗದಲ್ಲಿ ಮೇಲೆ ಸಾಗುವ ಕೋಣೆಯೂ ಒಳಗಿನವರಿಗೆ ಒಂದೇ ಎಂದು ಇಟ್ಟುಕೊಳ್ಳಿ. ಕೋಣೆಯ ಒಂದು ತುದಿಯಿಂದ ಹೊರಟ ಬೆಳಕು ಇನ್ನೊಂದು ತುದಿಗೆ ಮುಟ್ಟುವಷ್ಟರಲ್ಲಿ ಆ ತುದಿಯ ವೇಗ ಬದಲಾಗಿರುತ್ತದೆ. ಹಾಗಾಗಿ ಕಂಪನಾಂಕವೂ ಬದಲಾಗುತ್ತದೆ. ಇಲ್ಲಿಂದ ಮುಂದೆ ಐನ್‌ಸ್ಟೈನ್ ಇಡುವ ಹೆಜ್ಜೆ ಮುಖ್ಯ. ನಕ್ಷತ್ರವೂ ನಾವೂ ಕದಲದೆ ನಿಂತಿದ್ದಾಗ ಶಿಖರಗಳು ದಾರಿಯಲ್ಲಿ ಕಳೆದುಹೋಗಲು ಸಾಧ್ಯವಿಲ್ಲ. ಅಲ್ಲಿಂದ ಹೊರಟಷ್ಟೇ ಇಲ್ಲಿಗೆ ಬರಬೇಕು. ಆದರೂ ಸೆಕೆಂಡಿಗೆ ಕಡಿಮೆ ಶಿಖರಗಳು ಬಂದರೆ, ಎರಡು ಕಡೆಯ ಸೆಕೆಂಡುಗಳೇ ಬೇರೆ ಎಂದಾಗುತ್ತದೆ. ಡಾಪ್ಲರ್ ಪಲ್ಲಟದಲ್ಲಿ ಹಿಗ್ಗುವುದು ದಾರಿ. ಗುರುತ್ವ ಪಲ್ಲಟದಲ್ಲಿ ನಿಧಾನವಾಗುವುದು ಗಡಿಯಾರ.

ಅರ್ಥದಲ್ಲಿ ಇಷ್ಟು ದೂರವಿರುವ ಎರಡನ್ನು ಅಳತೆಯಲ್ಲಿ ಬೇರ್ಪಡಿಸಬಹುದೇ? ನನಗೆ ಮೊದಲು ಹೊಳೆದ ದಾರಿ, ಬೇರೆ ಬೇರೆ ಬಣ್ಣದ ಗೆರೆಗಳನ್ನು ಹೋಲಿಸುವುದು. ಆ ದಾರಿ ಬೇಗ ಮುಚ್ಚಿತು. ಎರಡೂ ಪಲ್ಲಟಗಳು ಎಲ್ಲ ಗೆರೆಗಳನ್ನೂ ತರಂಗಾಂತರದ ಅದೇ ಅನುಪಾತದಲ್ಲಿ ಸರಿಸುತ್ತವೆ. ಗೆರೆಗಳು ಎಷ್ಟೇ ಇರಲಿ, ಸಿಗುವ ಸಂಖ್ಯೆ ಒಂದೇ. ಅದರಲ್ಲಿ ವೇಗದ ಪಾಲೆಷ್ಟು, ಗುರುತ್ವದ ಪಾಲೆಷ್ಟು ಎಂಬುದು ಹೊರಗಿನಿಂದಲೇ ತಿಳಿಯಬೇಕು.

ಆ ಹೊರಗಿನ ಆಧಾರ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹತ್ತಿರದಲ್ಲೇ ದಾಖಲೆಯಿದೆ. ಕೊಡೈಕೆನಾಲ್ ಸೌರ ವೀಕ್ಷಣಾಲಯ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ಅದರ ಹಳೆಯ ಬುಲೆಟಿನ್‌ಗಳನ್ನು ಸಂಸ್ಥೆ ಕಾಪಾಡಿಕೊಂಡು ಬಂದಿದೆ. 15ನೇ ಬುಲೆಟಿನ್ 1909ರದ್ದು, ಬರೆದವರು ಜಾನ್ ಎವರ್ಶೆಡ್. ಆ ವರ್ಷದ ಜನವರಿ 5ರಂದು ಅವರು ಸೂರ್ಯಕಲೆಗಳ ರೋಹಿತ ತೆಗೆದಾಗ, ಕಲೆಯ ಅಂಚಿನ ಮಸುಕು ಭಾಗದಲ್ಲಿ ಗೆರೆಗಳು ಓರೆಯಾಗಿದ್ದವು. ಸೂರ್ಯಬಿಂಬದ ಅಂಚಿಗೆ ಹತ್ತಿರವಿರುವ ಕಲೆಯ ಒಂದು ಪಕ್ಕದಲ್ಲಿ ಗೆರೆ ಕೆಂಪಿಗೆ ಸರಿದರೆ ಎದುರು ಪಕ್ಕದಲ್ಲಿ ನೇರಿಳೆಗೆ ಸರಿಯುತ್ತದೆ. ಕಲೆ ಬಿಂಬದ ನಡುವಿಗೆ ಬಂದಾಗ ಓರೆ ಮಾಯವಾಗುತ್ತದೆ. ಅನಿಲ ಕಲೆಯ ನಡುವಿನಿಂದ ಹೊರಕ್ಕೆ, ಸೂರ್ಯನ ಮೈಗೆ ಸಮಾಂತರವಾಗಿ ಹರಿಯುತ್ತಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಇಂದಿಗೂ ಅದು ಎವರ್ಶೆಡ್ ಪರಿಣಾಮ. ಈ ವಾದದಲ್ಲಿ ಅವರು ಗೆರೆ ಎಷ್ಟು ಸರಿದಿದೆ ಎಂಬುದಕ್ಕಿಂತ ಅದು ಎಲ್ಲಿ ಹೇಗೆ ಚಿಹ್ನೆ ಬದಲಿಸುತ್ತದೆ ಎಂಬುದನ್ನು ನೆಚ್ಚಿಕೊಂಡರು. ಚಲನೆಯ ಗುರುತು ಜ್ಯಾಮಿತಿಯಲ್ಲಿತ್ತು. ಗುರುತ್ವ ಹಾಗೆ ದಿಕ್ಕು ನೋಡಿ ಚಿಹ್ನೆ ಬದಲಿಸುವುದಿಲ್ಲ.

ಅದೇ ಎವರ್ಶೆಡ್ ನಂತರದ ವರ್ಷಗಳಲ್ಲಿ ಸಿಕ್ಕಿಕೊಂಡದ್ದು ಇನ್ನೊಂದು ಒಗಟಿನಲ್ಲಿ. ಕಲೆಗಳಿಲ್ಲದ ಸೂರ್ಯನ ಗೆರೆಗಳನ್ನು ಪ್ರಯೋಗಾಲಯದ ಕಬ್ಬಿಣದ ಆರ್ಕ್ ಗೆರೆಗಳೊಂದಿಗೆ ಇಟ್ಟು ನೋಡಿದರೆ ಅವು ಕೆಂಪಿಗೆ ಸರಿದಿದ್ದವು. ಬಿಂಬದ ಅಂಚಿನಲ್ಲಿ ಇನ್ನಷ್ಟು ಸರಿದಿದ್ದವು. ಸೂರ್ಯನ ವಾತಾವರಣದ ಒತ್ತಡವೇ ಕಾರಣ ಎಂಬುದು ಆಗಿನ ಸಾಮಾನ್ಯ ವಿವರಣೆ. ಎವರ್ಶೆಡ್ ಮತ್ತು ಅವರ ಸಹೋದ್ಯೋಗಿ ರಾಯ್ಡ್ಸ್, ಒತ್ತಡಕ್ಕೆ ಬೇರೆ ಬೇರೆಯಾಗಿ ಸ್ಪಂದಿಸುವ ಗೆರೆಗಳನ್ನು ಹೋಲಿಸಿ ಆ ವಿವರಣೆಯನ್ನು ಕೈಬಿಟ್ಟರು. ಉಳಿದದ್ದು ಚಲನೆ. ಆದರೆ ಚಲನೆ ಎಂದೊಪ್ಪಿದರೆ, ಸೂರ್ಯನ ಅಂಚಿನ ಸುತ್ತಲೂ ಅನಿಲ ನಮ್ಮಿಂದ ದೂರಕ್ಕೇ ಓಡುತ್ತಿದೆ ಎನ್ನಬೇಕಾಗುತ್ತದೆ. ಎವರ್ಶೆಡ್ ತರ್ಕವನ್ನು ಅರ್ಧಕ್ಕೆ ಬಿಡಲಿಲ್ಲ. ಭೂಮಿಯೇ ಸೂರ್ಯನ ಅನಿಲವನ್ನು ಹೇಗೋ ವಿಕರ್ಷಿಸುತ್ತಿರಬಹುದೇ ಎಂಬಲ್ಲಿಯವರೆಗೆ ಹೋದರು. ಇದಕ್ಕೆ ಭೂ ಪರಿಣಾಮ ಎಂಬ ಹೆಸರೂ ಬಿತ್ತು. ಪರೀಕ್ಷಿಸಲು ಶುಕ್ರಗ್ರಹದಿಂದ ಪ್ರತಿಫಲಿಸಿ ಬರುವ ಬಿಸಿಲನ್ನು ಅಳೆದರು, ಯಾಕೆಂದರೆ ಶುಕ್ರ ನೋಡುವುದು ಸೂರ್ಯನ ಬೇರೊಂದು ಮುಖವನ್ನು.

ಇದನ್ನು ವಿಚಿತ್ರ ಕಲ್ಪನೆ ಎಂದು ಪಕ್ಕಕ್ಕಿಡಲು ನನಗೆ ಮನಸ್ಸಾಗದು. ಪಲ್ಲಟಕ್ಕೆ ಒತ್ತಡ, ಚಲನೆ ಎಂಬ ಎರಡೇ ಕಾರಣಗಳು ಗೊತ್ತಿದ್ದ ಕಾಲದಲ್ಲಿ, ಒಂದನ್ನು ಪ್ರಾಮಾಣಿಕವಾಗಿ ಅಲ್ಲಗಳೆದವರು ಬಂದು ನಿಲ್ಲಬೇಕಾದ ಜಾಗ ಅದು. ಮೂರನೆಯ ಕಾರಣ ಐನ್‌ಸ್ಟೈನ್ ಅವರ ಪ್ರಬಂಧದಲ್ಲಿತ್ತು: ಸೂರ್ಯನ ಬೆಳಕು ಹತ್ತು ಲಕ್ಷದಲ್ಲಿ ಎರಡು ಪಾಲು ಕೆಂಪಿಗೆ ಸರಿಯಬೇಕು, ವೇಗದ ಮಾನದಲ್ಲಿ ಸೆಕೆಂಡಿಗೆ 636 ಮೀಟರ್. ಆದರೆ 1917ರಲ್ಲಿ ಮೌಂಟ್ ವಿಲ್ಸನ್‌ನ ಚಾರ್ಲ್ಸ್ ಸೇಂಟ್ ಜಾನ್ ಸೂರ್ಯನ ಸಯನೋಜನ್ ಗೆರೆಗಳನ್ನು ಅಳೆದು, ಅಂಥ ಪಲ್ಲಟವೇ ಇಲ್ಲ ಎಂದಿದ್ದರು. 1923ರ ಹೊತ್ತಿಗೆ ಸೇಂಟ್ ಜಾನ್, ಎವರ್ಶೆಡ್ ಇಬ್ಬರೂ ಐನ್‌ಸ್ಟೈನ್ ಕಡೆಗೆ ವಾಲಿದರು. ಇಷ್ಟು ಗೊಂದಲ ಯಾಕಾಯಿತು ಎಂಬುದು ಈಗ ಗೊತ್ತು. ಸೂರ್ಯನ ಮೈಯಲ್ಲಿ ಬಿಸಿ ಅನಿಲ ಮೇಲೇಳುವ ಭಾಗಗಳು ಹೆಚ್ಚು ಬೆಳಗುತ್ತವೆ. ಬಿಂಬದ ನಡುವೆ ಅವು ನಮ್ಮ ಕಡೆಗೇ ಏರುವುದರಿಂದ ಸೆಕೆಂಡಿಗೆ ನೂರಾರು ಮೀಟರ್‌ನಷ್ಟು ನೀಲಿಯ ಕಡೆಗೆ ಎಳೆಯುತ್ತವೆ. ಗುರುತ್ವ ಕೆಂಪಿಗೆ, ಡಾಪ್ಲರ್ ನೀಲಿಗೆ. ನಡುವೆ ಎರಡೂ ಭಾಗಶಃ ರದ್ದಾಗುತ್ತವೆ. ಅಂಚಿನಲ್ಲಿ ಏರಿಕೆ ನಮಗೆ ಅಡ್ಡಲಾಗುವುದರಿಂದ ಗುರುತ್ವದ ಪಾಲು ಹೆಚ್ಚು ನಿಚ್ಚಳವಾಗಿ ಉಳಿಯುತ್ತದೆ. ಎವರ್ಶೆಡ್ ಅಂಚಿನಲ್ಲಿ ಕಂಡ ಹೆಚ್ಚಿನ ಪಲ್ಲಟ ನಿಜವಾದದ್ದೇ. ಅದರ ಕಾರಣ ಮಾತ್ರ ಅವರು ಹುಡುಕಿದ ಜಾಗದಲ್ಲಿರಲಿಲ್ಲ.

ಲುಬ್ಧಕಕ್ಕೆ ಮರಳುತ್ತೇನೆ. ಸೂರ್ಯನಲ್ಲಿ ಗುರುತ್ವ ಪಲ್ಲಟ ಸಣ್ಣದು, ಅನಿಲದ ಕಲಕು ದೊಡ್ಡದು. ಅಷ್ಟೇ ತೂಕವನ್ನು ತೀರ ಚಿಕ್ಕ ಗಾತ್ರಕ್ಕೆ ಅಡಕಿದ ನಕ್ಷತ್ರವಿದ್ದರೆ ಪಲ್ಲಟ ಹತ್ತಾರು ಪಟ್ಟು ಹೆಚ್ಚಬೇಕು. ಲುಬ್ಧಕ-ಬಿ ಅಂಥ ಶ್ವೇತ ಕುಬ್ಜ. ಅದು ಇದೆ ಎಂದು 1844ರಲ್ಲಿ ಬೆಸೆಲ್ ಲುಬ್ಧಕದ ತೊನೆದಾಟದಿಂದ ಊಹಿಸಿದ್ದರು; 1862ರ ಜನವರಿ 31ರಂದು ಅಲ್ವನ್ ಗ್ರಹಾಂ ಕ್ಲಾರ್ಕ್ ಕಣ್ಣಾರೆ ಕಂಡರು. ಇನ್ನೊಂದು ಅನುಕೂಲವೂ ಅಲ್ಲಿದೆ. ಎರಡು ನಕ್ಷತ್ರಗಳೂ ಜೊತೆಯಾಗಿ ಸಾಗುತ್ತವೆ, ಐವತ್ತು ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ದೊಡ್ಡ ಲುಬ್ಧಕದ ಪಲ್ಲಟದಿಂದ ಜೋಡಿಯ ವೇಗ ತಿಳಿಯುತ್ತದೆ. ಕಕ್ಷೆಯ ಲೆಕ್ಕವನ್ನೂ ಕಳೆದರೆ, ಚಿಕ್ಕದರಲ್ಲಿ ಮಿಕ್ಕುವ ಪಲ್ಲಟ ಗುರುತ್ವದ್ದು. ನಾನು ಹುಡುಕುತ್ತಿದ್ದ ಹೊರಗಿನ ಆಧಾರ ಇದೇ: ಒಂದು ಕಾರಣವನ್ನು ಹಂಚಿಕೊಂಡು ಇನ್ನೊಂದನ್ನು ಹಂಚಿಕೊಳ್ಳದ ಜೊತೆಗಾರ.

ಲುಬ್ಧಕದ ಕಡತದಲ್ಲಿ ಆಡಮ್ಸ್ ಅವರದಕ್ಕಿಂತ ಹಳೆಯ ಕಾಗದವೊಂದಿದೆ. 1868ರಲ್ಲಿ ಲಂಡನ್ನಿನ ವಿಲಿಯಂ ಹಗಿನ್ಸ್, ತಮ್ಮ ಮನೆಯ ವೀಕ್ಷಣಾಲಯದಲ್ಲಿ ಲುಬ್ಧಕದ ಜಲಜನಕ ಗೆರೆಯನ್ನು ಹಚ್ಚಿದ ಜಲಜನಕ ನಳಿಕೆಯ ಗೆರೆಯ ಪಕ್ಕದಲ್ಲಿ ಕಣ್ಣಿನಿಂದಲೇ ಹೋಲಿಸಿದರು. ನಕ್ಷತ್ರವೊಂದರ ಡಾಪ್ಲರ್ ಪಲ್ಲಟ ಅಳೆದ ಮೊದಲ ಪ್ರಬಂಧ ಎಂದು ಹೆಸರಾದದ್ದು ಅದು. ಮ್ಯಾಕ್ಸ್‌ವೆಲ್ ಬರೆದ ಪತ್ರವೂ ಅದರಲ್ಲಿ ಸೇರಿದೆ. ಗೆರೆ ಸರಿದದ್ದು ಸುಮಾರು ಒಂದು ಆಂಗ್‌ಸ್ಟ್ರಾಮ್, ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಭೂಮಿಯ ಓಟವನ್ನು ಕಳೆದು ಅವರು ಕೊಟ್ಟ ಉತ್ತರ: ಲುಬ್ಧಕ ಸೆಕೆಂಡಿಗೆ 29.4 ಮೈಲಿ ವೇಗದಲ್ಲಿ ದೂರ ಹೋಗುತ್ತಿದೆ. ಇಂದಿನ ಅಳತೆಯಂತೆ ಲುಬ್ಧಕ ಸೆಕೆಂಡಿಗೆ ಸುಮಾರು 5.5 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೆ ಬರುತ್ತಿದೆ. ಪ್ರಮಾಣವೂ ತಪ್ಪು, ದಿಕ್ಕೂ ತಪ್ಪು. ವಿಧಾನ ಮಾತ್ರ ಸರಿ. ಇಪ್ಪತ್ತು ವರ್ಷಗಳ ನಂತರ ಪಾಟ್ಸ್‌ಡ್ಯಾಮಿನ ಫೋಗೆಲ್ ಅದನ್ನೇ ಛಾಯಾಚಿತ್ರದ ಪ್ಲೇಟುಗಳಿಗೆ ಒಗ್ಗಿಸಿ ನಂಬಬಹುದಾದ ವೇಗಗಳನ್ನು ಪಡೆದರು. ಹೀಗೆ ಡಾಪ್ಲರ್ ಪಲ್ಲಟದ ಹೆಸರಾಂತ ಮೊದಲ ಅಳತೆ, ಗುರುತ್ವ ಪಲ್ಲಟದ ಹೆಸರಾಂತ ಮೊದಲ ನಾಕ್ಷತ್ರಿಕ ಅಳತೆ ಎರಡೂ ಇದೇ ಜೋಡಿಯ ಮೇಲೆ ನಡೆದಿವೆ, ಎರಡರ ಅಂಕಿಯೂ ನಿಂತಿಲ್ಲ. ಹಗಿನ್ಸ್ ಅವರದು ಆ ಕಾಲದ ಸಲಕರಣೆಯ ಮಿತಿ ಎಂದು ಅರ್ಥಮಾಡಿಕೊಳ್ಳಬಹುದು. ಆಡಮ್ಸ್ ಬಳಿ 100 ಇಂಚಿನ ದೂರದರ್ಶಕವಿತ್ತು.

21 ಎಂಬ ಅಂಕಿಯನ್ನು ಹಿಂಬಾಲಿಸುವಾಗ ನಡುವೆ ಒಂದು ಅಡ್ಡದಾರಿ ಬಂತು. 1954ರಲ್ಲಿ ಡೇನಿಯಲ್ ಪಾಪರ್ ಅಳೆದ ಗುರುತ್ವ ಪಲ್ಲಟವೂ ಸೆಕೆಂಡಿಗೆ 21 ಕಿಲೋಮೀಟರ್. ಆಡಮ್ಸ್ ಅವರಿಗೆ ಸಮರ್ಥನೆ ಸಿಕ್ಕಿತೆಂದು ಒಂದು ಕ್ಷಣ ಅನಿಸುತ್ತದೆ. ಆದರೆ ಪಾಪರ್ ನೋಡಿದ್ದು 40 ಎರಿಡಾನಿ-ಬಿ ಎಂಬ ಬೇರೆಯೇ ಶ್ವೇತ ಕುಬ್ಜವನ್ನು. ಅಂಕಿ ಒಂದೇ ಆದದ್ದು ಕಾಕತಾಳೀಯ. ನಿಜವಾದ ಸಮರ್ಥನೆಯಂತೆ ಕಾಣುವುದು 1928ರದ್ದು: ಲಿಕ್ ವೀಕ್ಷಣಾಲಯದ ಮೂರ್ ಲುಬ್ಧಕ-ಬಿಯನ್ನೇ ಅಳೆದು ಆಡಮ್ಸ್ ಅವರದಕ್ಕೆ ಹತ್ತಿರದ ಉತ್ತರ ಪಡೆದಿದ್ದರು. ಎರಡು ವೀಕ್ಷಣಾಲಯ, ಎರಡು ದೂರದರ್ಶಕ, ಒಂದೇ ತಪ್ಪು. ಇಲ್ಲಿ ನನ್ನ ಹುಡುಕಾಟ ಸ್ವಲ್ಪ ಕಾಲ ನಿಂತೇಹೋಯಿತು. ಬರೀ ಕೈತಪ್ಪಾಗಿದ್ದರೆ ಎರಡು ಕಡೆ ಒಂದೇ ರೀತಿ ಆಗುವುದು ಕಷ್ಟ.

ದಾರಿ ತೆರೆದದ್ದು ಒಂದು ಗೆರೆ. ಆಡಮ್ಸ್ ಅಳೆದ ಗೆರೆಗಳಲ್ಲಿ ಜಲಜನಕದವುಗಳ ಜೊತೆಗೆ ಲೋಹಗಳವೂ ಸೇರಿದ್ದವು; ಅವುಗಳಲ್ಲೊಂದು 4481 ಆಂಗ್‌ಸ್ಟ್ರಾಮ್‌ನ ಮೆಗ್ನೀಸಿಯಂ ಗೆರೆ. 1980ರ ದಶಕದಲ್ಲಿ ಹಳೆಯ ದಾಖಲೆಯನ್ನು ಮತ್ತೆ ತೆರೆದ ಖಗೋಳ ವಿಜ್ಞಾನಿಗಳು ಬೊಟ್ಟು ಮಾಡಿದ್ದು ಇದನ್ನೇ. ಲುಬ್ಧಕ-ಬಿಯ ರೋಹಿತದಲ್ಲಿ ಕಾಣುವುದು ಜಲಜನಕದ ಅಗಲ ಗೆರೆಗಳು ಮಾತ್ರ. ಅಲ್ಲಿ ಭಾರವಾದ ಧಾತುಗಳು ಪ್ರಚಂಡ ಗುರುತ್ವಕ್ಕೆ ಸಿಕ್ಕಿ ಆಳಕ್ಕೆ ಇಳಿದುಹೋಗಿವೆ. ಮೆಗ್ನೀಸಿಯಂ ಗೆರೆ ಇರುವುದು ದೊಡ್ಡ ಲುಬ್ಧಕದಲ್ಲಿ. ಅದು ಪ್ಲೇಟಿನಲ್ಲಿ ಮೂಡಿದೆ ಎಂದರೆ, ಪ್ಲೇಟಿಗೆ ಬಿದ್ದದ್ದರಲ್ಲಿ ದೊಡ್ಡ ನಕ್ಷತ್ರದ ಬೆಳಕು ಧಾರಾಳವಾಗಿ ಬೆರೆತಿತ್ತು. ಆಶ್ಚರ್ಯವೇನಿಲ್ಲ: ಆಗ ಎರಡರ ನಡುವಿನ ಅಂತರ ಆಕಾಶದಲ್ಲಿ ಸುಮಾರು 11 ಆರ್ಕ್ ಸೆಕೆಂಡ್, ದೊಡ್ಡದರ ಬೆಳಕು ಚಿಕ್ಕದರ ಹತ್ತಿರಹತ್ತಿರ ಹತ್ತು ಸಾವಿರ ಪಟ್ಟು. ಆಡಮ್ಸ್ ಅವರಿಗೂ ಈ ಚದುರಿದ ಬೆಳಕಿನ ಅರಿವಿತ್ತು. ಅದು ಎಷ್ಟು ಎಂಬ ಅಂದಾಜಿನಲ್ಲಿ ಅವರು ಸೋತರು.

ಈಗ ಲೆಕ್ಕ ಕೂಡುತ್ತದೆ. ಹಾಲಿಗೆ ನೀರು ಬೆರೆತಾಗ ಲ್ಯಾಕ್ಟೋಮೀಟರ್ ಹಾಲಿನದೂ ಅಲ್ಲದ, ನೀರಿನದೂ ಅಲ್ಲದ ನಡುವಿನ ಅಂಕಿ ತೋರಿಸುತ್ತದಲ್ಲ, ಹಾಗೆ. 4340 ಆಂಗ್‌ಸ್ಟ್ರಾಮ್‌ನ ಜಲಜನಕ ಗೆರೆಯನ್ನು ತೆಗೆದುಕೊಂಡರೆ, ಲುಬ್ಧಕ-ಬಿಯ ಗುರುತ್ವ ಅದನ್ನು ಸುಮಾರು 1.16 ಆಂಗ್‌ಸ್ಟ್ರಾಮ್ ಸರಿಸಬೇಕು. ದೊಡ್ಡ ಲುಬ್ಧಕದ ಗೆರೆ ಹೆಚ್ಚುಕಡಿಮೆ ಸರಿಯದೆ ಅಲ್ಲೇ ನಿಂತಿದೆ. ಎರಡೂ ಅಗಲ ಗೆರೆಗಳು ಒಂದರ ಮೇಲೊಂದು ಬಿದ್ದಾಗ ಕೂಡುಗೆರೆಯ ನಡು ಸರಿಯದ ಕಡೆಗೆ ವಾಲುತ್ತದೆ. ಸೆಕೆಂಡಿಗೆ 21 ಕಿಲೋಮೀಟರ್ ಎಂದರೆ 0.3 ಆಂಗ್‌ಸ್ಟ್ರಾಮ್. ಲಿಕ್‌ನಲ್ಲೂ ಬೆರೆತದ್ದು ಅದೇ ದೊಡ್ಡ ನಕ್ಷತ್ರದ ಬೆಳಕು. ಹಾಗಾಗಿ ಆ ಎರಡು ಸಾಕ್ಷಿಗಳು ಒಂದಕ್ಕೊಂದು ಸ್ವತಂತ್ರವಾಗಿರಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಬೆರಕೆ ಬೆಳಕು 10 ಕೊಡಬಹುದಿತ್ತು, 40 ಕೊಡಬಹುದಿತ್ತು. 21ನ್ನೇ ಯಾಕೆ ಕೊಟ್ಟಿತು? ಉತ್ತರ 1924ರ ಒಂದು ಪ್ರಬಂಧದಲ್ಲಿದೆ. ಕೇಂಬ್ರಿಡ್ಜಿನ ಎಡಿಂಗ್ಟನ್ ಲುಬ್ಧಕ-ಬಿಯ ಪಲ್ಲಟ 20 ಇರಬೇಕು ಎಂದು ಮೊದಲೇ ಲೆಕ್ಕ ಹಾಕಿದ್ದರು. ಅಳೆದು ನೋಡಿ ಎಂದು ಆಡಮ್ಸ್ ಅವರಿಗೆ ಬರೆದಿದ್ದರು. ನಿರೀಕ್ಷೆ ಕಣ್ಣಮುಂದಿತ್ತು. ಕೆಲವರು ಇಲ್ಲಿಗೇ ತೀರ್ಪು ಕೊಟ್ಟುಬಿಡುತ್ತಾರೆ. ನಾನು ಇನ್ನೊಂದನ್ನೂ ತೂಗಿ ನೋಡುತ್ತೇನೆ. ಎಡಿಂಗ್ಟನ್ ಲೆಕ್ಕದ ಅಡಿಪಾಯ ನಕ್ಷತ್ರದ ತಾಪಮಾನ: ಸುಮಾರು 8,000 ಡಿಗ್ರಿ ಎಂದು ಹಿಡಿದದ್ದರಿಂದ ನಕ್ಷತ್ರ ದೊಡ್ಡದಾಯಿತು, ತ್ರಿಜ್ಯ 19,000 ಕಿಲೋಮೀಟರ್‌ವರೆಗೆ ಹೋಯಿತು, ಪಲ್ಲಟ ಸಣ್ಣದಾಯಿತು. ನಿಜವಾದ ತಾಪಮಾನ ಸುಮಾರು 25,000 ಡಿಗ್ರಿ; ತ್ರಿಜ್ಯ ಭೂಮಿಯದಕ್ಕಿಂತ ತುಸು ಕಡಿಮೆ. ಆ ತಪ್ಪು ತಾಪಮಾನ ಬಂದದ್ದೂ ಲುಬ್ಧಕ-ಬಿಯ ರೋಹಿತದ ವರ್ಗೀಕರಣದಿಂದ, ಅಂದರೆ ಮೌಂಟ್ ವಿಲ್ಸನ್‌ನಲ್ಲಿ ಆಡಮ್ಸ್ ಅವರೇ ಪಡೆದಿದ್ದ ಅದೇ ಬಗೆಯ ಪ್ಲೇಟುಗಳಿಂದ. ಬೆರಕೆ ಬೆಳಕು ನಿರೀಕ್ಷೆಯನ್ನೂ ಕೆಡಿಸಿತು, ಅಳತೆಯನ್ನೂ ಕೆಡಿಸಿತು, ಎರಡನ್ನೂ ಒಂದೇ ದಿಕ್ಕಿಗೆ ಎಳೆಯಿತು ಎಂಬುದು ನನ್ನ ಅನುಮಾನ. ಯಾವ ಗೆರೆಗೆ ಎಷ್ಟು ಬೆಲೆ ಕೊಡಬೇಕು, ಎಷ್ಟು ತಿದ್ದುಪಡಿ ಮಾಡಬೇಕು ಎಂದು ತೀರ್ಮಾನಿಸುವಾಗ ಎಡಿಂಗ್ಟನ್ ಅವರ 20 ಉಳಿದ ಕೆಲಸ ಮುಗಿಸಿರಬಹುದು. ಇದು ಊಹೆ. ಮೆಗ್ನೀಸಿಯಂ ಗೆರೆ ಊಹೆಯಲ್ಲ.

ಲುಬ್ಧಕದ ಅಂಕಿ ಸರಿಹೋಗುವ ಮೊದಲೇ ಭೂಮಿಯ ಮೇಲೆ ಗುರುತ್ವ ಪಲ್ಲಟ ಸಾಬೀತಾಗಿತ್ತು. 1960ರಲ್ಲಿ ಹಾರ್ವರ್ಡ್‌ನ ಪೌಂಡ್ ಮತ್ತು ರೆಬ್ಕಾ 22.5 ಮೀಟರ್ ಎತ್ತರದ ಗೋಪುರದಲ್ಲಿ ಕಬ್ಬಿಣ-57ರ ಗಾಮಾ ಕಿರಣಗಳನ್ನು ಅಳೆದರು. ಮೂಲವನ್ನು ಅತಿ ನಿಧಾನವಾಗಿ ಆಡಿಸಿ, ಆ ಚಲನೆಯ ಡಾಪ್ಲರ್ ಪಲ್ಲಟವನ್ನೇ ಅಳತೆಗೋಲಾಗಿ ಹಿಡಿದು ಗುರುತ್ವದ್ದನ್ನು ಅಳೆದದ್ದು ಅವರ ಯುಕ್ತಿ. ಅದೇ ವರ್ಷ ಕೇಂಬ್ರಿಡ್ಜಿನ ವಿದ್ಯಾರ್ಥಿ ಬ್ರಯನ್ ಜೋಸೆಫ್‌ಸನ್ ಒಂದು ಎಚ್ಚರಿಕೆ ಕೊಟ್ಟರು: ಗೋಪುರದ ಮೇಲಿನ ಕಬ್ಬಿಣಕ್ಕೂ ಕೆಳಗಿನ ಕಬ್ಬಿಣಕ್ಕೂ ಒಂದು ಡಿಗ್ರಿ ಬಿಸಿಯ ವ್ಯತ್ಯಾಸವಿದ್ದರೂ, ಪರಮಾಣುಗಳ ನಡುಕದ ಡಾಪ್ಲರ್ ಪರಿಣಾಮ ಹೆಚ್ಚುಕಡಿಮೆ ಗುರುತ್ವದಷ್ಟೇ ಪಲ್ಲಟ ಉಂಟುಮಾಡುತ್ತದೆ. ಪೌಂಡ್ ಮತ್ತು ರೆಬ್ಕಾ ಕೂಡ ತಾವಾಗಿಯೇ ಇದನ್ನು ಗುರುತಿಸಿದ್ದರು. ಎರಡೂ ತುದಿಗಳ ತಾಪಮಾನ ಅಳೆದು ತಿದ್ದಿಕೊಂಡರು. ಕೊಡೈಕೆನಾಲಿನ ತೊಡಕು ಒಂದು ಕಟ್ಟಡದೊಳಗೆ ಮತ್ತೆ ಎದುರಾಗಿತ್ತು, ಈ ಸಲ ಪರಿಹಾರದ ಸಮೇತ.

ಲುಬ್ಧಕದ ವಿಷಯದಲ್ಲಿ 1971ರಲ್ಲಿ ಗ್ರೀನ್‌ಸ್ಟೈನ್, ಓಕ್ ಮತ್ತು ಶಿಪ್‌ಮನ್, ಎರಡು ನಕ್ಷತ್ರಗಳು ಮತ್ತೆ ದೂರ ಸರಿದ ಸಮಯ ನೋಡಿ ಅಳೆದು 89 ಎಂದರು, 16 ಹೆಚ್ಚುಕಡಿಮೆ ಇರಬಹುದೆಂಬ ಎಚ್ಚರದೊಂದಿಗೆ. 2005ರ 80.4ರಲ್ಲೂ ಒಂದು ಕೊರೆ ಉಳಿದಿತ್ತು: ಅದರಿಂದ ಬಂದ ದ್ರವ್ಯರಾಶಿಯೂ ರೋಹಿತದ ಬೇರೆ ವಿಧಾನದಿಂದ ಬಂದದ್ದೂ ಪೂರ್ತಿ ಕೂಡುತ್ತಿರಲಿಲ್ಲ. 2018ರಲ್ಲಿ ಖಗೋಳ ವಿಜ್ಞಾನಿಗಳು ಹಬಲ್ ಮೂಲಕವೇ ದೊಡ್ಡದು ಚಿಕ್ಕದು ಎರಡರ ಜಲಜನಕ ಗೆರೆಯನ್ನೂ ಒಂದೇ ಉಪಕರಣದಲ್ಲಿ ಅಳೆದು, ನೇರ ವ್ಯತ್ಯಾಸ ತೆಗೆದು, 80.65 ಎಂಬ ಅಂಕಿಗೆ ಬಂದರು. ಅದರಿಂದ ಸಿಗುವ ದ್ರವ್ಯರಾಶಿ ಸೂರ್ಯನ 1.017 ಪಟ್ಟು, ಕಕ್ಷೆಯಿಂದ ಸ್ವತಂತ್ರವಾಗಿ ಸಿಗುವುದು 1.018. ಅನಿಶ್ಚಿತತೆ ಸೆಕೆಂಡಿಗೆ 0.77 ಕಿಲೋಮೀಟರ್.

ಆ 0.77ರ ಪಕ್ಕದಲ್ಲಿ ನಾನೊಂದು ಲೆಕ್ಕ ಹಾಕಿ ನೋಡಿದೆ. ಹೋಲಿಕೆಗೆ ಆಧಾರವಾಗಿ ನಿಂತ ದೊಡ್ಡ ಲುಬ್ಧಕಕ್ಕೂ ತನ್ನದೇ ಗುರುತ್ವವಿದೆ. ದ್ರವ್ಯರಾಶಿ ಸೂರ್ಯನ ಸುಮಾರು 2.06 ಪಟ್ಟು, ತ್ರಿಜ್ಯ 1.71 ಪಟ್ಟು. ಸೂರ್ಯನ 636 ಮೀಟರನ್ನು ಈ ಅನುಪಾತದಿಂದ ಗುಣಿಸಿದರೆ ಬರುವುದು ಸೆಕೆಂಡಿಗೆ 0.77 ಕಿಲೋಮೀಟರ್. ಶುದ್ಧ ವೇಗ ಎಂದು ನಾವು ಕಳೆಯುವ ಸಂಖ್ಯೆಯೊಳಗೆ ಅಷ್ಟು ಗುರುತ್ವ ಸೇರಿಕೊಂಡಿರುತ್ತದೆ, ಅದನ್ನೂ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಡಮ್ಸ್ ಕಾಲದಲ್ಲಿ ಅದು ಯಾರ ಗಮನಕ್ಕೂ ಬರಬೇಕಾದ ಗಾತ್ರದ್ದಾಗಿರಲಿಲ್ಲ. ಈಗ ಅಳತೆ ಅದನ್ನು ಮುಟ್ಟುವಷ್ಟು ಸೂಕ್ಷ್ಮವಾಗಿದೆ.